ನನ್ನ ವಿದ್ಯಾರ್ಥಿನಿ ಕೂರಿಸಿದ ಓಣಿ

ಹೊಟ್ಟೆಕಿಚ್ಚು ಅಂದರೆ ಏನೆಂದು ನನಗೆ ಸರಿಯಾಗಿ ಗೊತ್ತಾದದ್ದು ಐವತ್ತು ದಾಟಿದ ಮೇಲೆ, ಅದೂ ನನ್ನ ಕೈಯಲ್ಲೇ ಕಲಿತುಹೋದ ಹುಡುಗಿಯೊಬ್ಬಳ ವಿಷಯದಲ್ಲಿ. ಅದಕ್ಕೂ ಮೊದಲು ಹೊಟ್ಟೆಕಿಚ್ಚು ಪಟ್ಟಿರಲೇ ಇಲ್ಲ ಅಂತಲ್ಲ. ಜೊತೆಗೆ ಕಲಿತವರ ಪ್ರದರ್ಶನದ ಸುದ್ದಿ ಪೇಪರಿನಲ್ಲಿ ಬಂದರೆ ಆ ದಿನದ ಚಹಾ ಸ್ವಲ್ಪ ಕಹಿಯಾಗುತ್ತಿತ್ತು. ಎರಡು ಗುಟುಕಿಗೆ ಅದು ಹೋಗಿಯೂ ಬಿಡುತ್ತಿತ್ತು. ಇದು ಹಾಗೆ ಹೋಗಲಿಲ್ಲ. ಊಟಕ್ಕೆ ಕೂತರೆ ಪಕ್ಕದಲ್ಲೇ ಕೂರುತ್ತಿತ್ತು.

ನಾನು ನವನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಹಳೆ ಬಾಗಲಕೋಟೆಯ ನಮ್ಮ ಓಣಿ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ನಾವೆಲ್ಲ ಈ ಹೊಸ ಊರಿಗೆ ಬಂದಾಗ ನನಗಿನ್ನೂ ಇಪ್ಪತ್ತರ ಹರೆಯ. ಅಪ್ಪನೂ ಮಾಸ್ತರರು, ಕನ್ನಡ ಮತ್ತು ಸಂಸ್ಕೃತ ಕಲಿಸುತ್ತಿದ್ದರು. ಅವರು ತೀರಿಹೋಗಿ ಬಹಳ ವರ್ಷವಾಯಿತು. ಈಗ ಮನೆಯಲ್ಲಿ ನಾನು, ನನ್ನ ಹೆಂಡತಿ, ಎಂಬತ್ತರ ಹತ್ತಿರ ಬಂದಿರುವ ಅವ್ವ. ಮೊಣಕಾಲು ನೋವಿನಿಂದ ಅವ್ವ ಗೇಟಿನ ಆಚೆ ಹೋಗುವುದು ಅಪರೂಪ.

ಶಾಲೆಯ ಆಚೆಗೂ ನನಗೊಂದು ಹೆಸರಿತ್ತು. ದೊಡ್ಡ ರಸ್ತೆಯ ಕಚೇರಿಯೊಂದರ ಕಂಪೌಂಡ್ ಗೋಡೆಯ ಉದ್ದಕ್ಕೂ ಒಂದು ಬೇಸಿಗೆ ಪೂರ್ತಿ ನಿಂತು ಚಿತ್ರ ಬರೆದಿದ್ದೆ. ಬಾದಾಮಿಯ ಗುಹೆ, ಮಗ್ಗದ ಮುಂದೆ ಕೂತ ಇಳಕಲ್ಲಿನ ನೇಕಾರ, ಡೊಳ್ಳು ಹೊಡೆಯುವ ಗಂಡಸರು, ತೆನೆ ಹೊತ್ತ ಹೆಂಗಸು. ಮುಗಿದ ದಿನ ಶಾಲು ಹೊದಿಸಿದ್ದರು. ದಿನಾ ಸ್ಕೂಟರಿನಲ್ಲಿ ಆ ದಾರಿಯಲ್ಲೇ ಹೋಗುತ್ತಿದ್ದೆ, ಗೋಡೆ ಬಂದ ಕೂಡಲೇ ವೇಗ ತಗ್ಗಿಸಿ ಯಾರಾದರೂ ನೋಡುತ್ತಿದ್ದಾರೋ ಎಂದು ನೋಡುತ್ತಿದ್ದೆ. ಬಸ್ಸಿಗೆ ಕಾಯುವವರು ಗೋಡೆಗೆ ಬೆನ್ನು ಹಚ್ಚಿ ರಸ್ತೆ ಕಡೆ ಮುಖ ಮಾಡಿ ನಿಂತಿರುತ್ತಿದ್ದರು. ಬಸ್ಸು ಬರುವುದು ಆ ಕಡೆಯಿಂದಲ್ಲವೇ ಎಂದು ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಆ ಹುಡುಗಿ ಒಂದು ದಿನ ಸ್ಟಾಫ್ ರೂಮಿಗೆ ಬಂದಳು. ಮೂವತ್ತರ ಆಸುಪಾಸು, ಹೆಗಲಿಗೆ ಬಟ್ಟೆಯ ಚೀಲ.

"ಸರ್ರ, ಗುರ್ತ ಸಿಕ್ತೇನ್ರಿ?"

ಸಿಕ್ಕಿರಲಿಲ್ಲ. ಅವಳೇ ನೆನಪು ಮಾಡಿಕೊಟ್ಟಳು. "ಬಾದಾಮಿ ಟ್ರಿಪ್ಪಿನ್ಯಾಗ ನೀವು ಜ್ವಾಳದ ಕಣಾ ಅಂದಿದ್ರಲ್ಲರಿ, ಆಕೀನ ನಾ."

ನೆನಪಾಯಿತು. ಹತ್ತನೆಯ ಇಯತ್ತೆಯ ಮಕ್ಕಳನ್ನು ಗುಹೆಗಳ ಚಿತ್ರ ಬರೆಸಲು ಕರೆದುಕೊಂಡು ಹೋಗಿದ್ದೆ. ಎಲ್ಲರೂ ಕಂಬ, ಮೂರ್ತಿ, ಮೆಟ್ಟಿಲು ಬರೆದಿದ್ದರು. ಇವಳ ಹಾಳೆಯಲ್ಲಿ ಕಂಬವೂ ಇಲ್ಲ, ಮೂರ್ತಿಯೂ ಇಲ್ಲ. ನೋಡಲು ಬಂದವರು ಎಲ್ಲೆಲ್ಲಿ ನಿಂತಿದ್ದರು, ಮಂಗಗಳು ಎಲ್ಲೆಲ್ಲಿ ಕೂತಿದ್ದವು ಎಂಬುದನ್ನು ಮಾತ್ರ ಸಣ್ಣ ಸಣ್ಣ ಚುಕ್ಕೆಗಳಲ್ಲಿ ತೋರಿಸಿದ್ದಳು. ನಾನು ಹಾಳೆಯನ್ನು ಎತ್ತಿ ಹಿಡಿದು, "ಇದೇನ ಚಿತ್ರೇನು, ಜ್ವಾಳದ ಕಣಾನೋ?" ಎಂದು ಎಲ್ಲರಿಗೂ ಕೇಳುವಂತೆ ಅಂದಿದ್ದೆ. ಮಕ್ಕಳು ನಕ್ಕಿದ್ದರು. "ನಿನ್ನ ಕೈಯಾಗ ಗೆರಿ ನಿಲ್ಲಂಗಿಲ್ಲವಾ, ಚಿತ್ರಾ ನಿನ್ನ ಕೆಲಸ ಅಲ್ಲ" ಎಂದೂ ಸೇರಿಸಿದ್ದೆ. ಹುನಗುಂದದ ಕಡೆಯ ಹಳ್ಳಿಯವಳು, ಮನೆಯವರು ಬೀರಪ್ಪನ ಒಕ್ಕಲು, ತಂದೆ ಕುರಿ ಸಾಕುತ್ತಿದ್ದರು. ಇಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಓದುತ್ತಿದ್ದಳು.

ಅಂಥವಳು ಗುಜರಾತಿಗೆ ಹೋಗಿ ಕಲೆಯನ್ನೇ ಓದಿ ಬಂದಿದ್ದಳು. ಒಂದು ವರ್ಷ ನವನಗರದಲ್ಲಿ ಕೆಲಸ ಮಾಡಲು ಫೆಲೋಶಿಪ್ ಸಿಕ್ಕಿದೆ ಎಂದಳು.

"ಏನ ಚಿತ್ರಾ ಮಾಡಾಕಿ?"

"ಚಿತ್ರಾ ಮಾಡಂಗಿಲ್ರಿ ಸರ್ರ. ಮಂದಿ ಜೋಡಿ ಕೆಲಸ ಮಾಡ್ತೇನ್ರಿ. ಹಳೆ ಊರಾಗ ಒಂದ ಓಣ್ಯಾಗ ಇದ್ದವರು ಇಲ್ಲಿ ಬ್ಯಾರೆ ಬ್ಯಾರೆ ಸೆಕ್ಟರಿಗೆ ಹಂಚಿಹೋಗ್ಯಾರಲ್ಲರಿ, ಅವರನ್ನ ಮತ್ತ ಒಂದ ಕಡೆ ಕೂಡಿಸಬೇಕಂತ ಐತ್ರಿ."

"ಕೂಡಿಸಿ ಏನ ಮಾಡ್ತಿ?"

"ಕೂಡಿಸೂದ ಕೆಲಸರಿ."

ನನಗೆ ನಗು ಬಂತು. ಸಾಗಹಾಕಿದರೆ ಸಾಕೆನಿಸಿ, "ನಮ್ಮವ್ವನ್ನ ಕೇಳು ಹಂಗಾದ್ರ. ಹಳೆ ಓಣಿ ಸುದ್ದಿ ಆಕಿಗೆ ಗೊತ್ತದ" ಎಂದೆ. ಆಮೇಲೆ ಆದದ್ದಕ್ಕೆಲ್ಲ ಬಾಗಿಲು ತೆಗೆದವನು ನಾನೇ.

ಶನಿವಾರ ಮಧ್ಯಾಹ್ನ ಅವಳು ಮನೆಗೆ ಬಂದಳು. ನಾನು ಒಳಗಿನ ಕೋಣೆಯಲ್ಲಿ ಮಕ್ಕಳ ಡ್ರಾಯಿಂಗ್ ಹಾಳೆ ತಿದ್ದುತ್ತಿದ್ದೆ. ನನ್ನ ಜೊತೆ ಅವ್ವನ ಮಾತು ಬಹಳ ವರ್ಷದಿಂದ ಎರಡೋ ಮೂರೋ ವಾಕ್ಯದಲ್ಲಿ ಮುಗಿಯುತ್ತದೆ. ಗುಳಿಗಿ ತಂದ್ಯಾ, ನಳ ಬಂತೇನು, ಊಟಕ್ಕ ಏಳು. ಆ ದಿನ ಪಡಸಾಲೆಯಲ್ಲಿ ಅವ್ವನ ಮಾತು ನಿಲ್ಲಲೇ ಇಲ್ಲ. ನಡುನಡುವೆ ನಗುವೂ ಕೇಳಿಸಿತು. ಆ ನಗು ನಾನು ಹುಡುಗನಿದ್ದಾಗ ಕೇಳಿದ್ದು, ನಂತರ ಎಲ್ಲಿ ಹೋಗಿತ್ತೋ. ತಡೆಯಲಾಗದೆ ಎದ್ದು ಹೊರಗೆ ಬಂದೆ.

"ಹೊಸ್ತಿಲಾ ತುಳೀಬ್ಯಾಡೋ!" ಎಂದು ಅವ್ವ ಕೂಗಿದಳು.

ನೋಡಿದರೆ ನನ್ನ ಕಾಲು ಯಾರದೋ ಮನೆಯ ಬಾಗಿಲಲ್ಲಿತ್ತು. ಮೊಣಕಾಲು ಮಡಚಲಾರದ ಅವ್ವ ಕಾಲು ಚಾಚಿ ನೆಲಕ್ಕೆ ಕೂತು, ಸೀಮೆಸುಣ್ಣದ ಖಡು ಹಿಡಿದು ಪಡಸಾಲೆಯ ತುಂಬ ನಮ್ಮ ಹಳೆ ಓಣಿಯನ್ನು ಬರೆದಿದ್ದಳು. ಬಾವಿ ಗುಡಿಗಿಂತ ದೊಡ್ಡದಾಗಿತ್ತು. ತಾನು ಹೆಚ್ಚು ಹೋಗುತ್ತಿದ್ದ ಮನೆಗಳು ದೊಡ್ಡವು, ಆಗದವರ ಮನೆಗಳು ಬೆರಳಗಲ. ಅಳತೆ ಎನ್ನುವುದು ಎಲ್ಲಿಯೂ ಇರಲಿಲ್ಲ. ನಾನಾಗಿದ್ದರೆ ಖಡು ಕಸಿದುಕೊಂಡು ತಿದ್ದುತ್ತಿದ್ದೆ. ಆ ಹುಡುಗಿ ಒಂದು ಗೆರೆಯನ್ನೂ ತಿದ್ದಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತು, "ಆಮ್ಯಾಗ್ರಿ ಅಮ್ಮಾರ?" ಎನ್ನುತ್ತಿದ್ದಳು.

"ಅವ್ವಾ, ನೀ ಚಿತ್ರಾ ತಗೀತಿ ಅಂತ ನನಗ ಗೊತ್ತ ಇರಲಿಲ್ಲ" ಎಂದೆ.

"ನೀ ಎಂದ ಕೇಳೀದಿ?" ಎಂದಳು ಅವ್ವ, ತಲೆ ಎತ್ತದೆ.

ಮೂವತ್ತು ವರ್ಷ ಊರ ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟವನು ನಾನು. ಅವ್ವನ ಕೈಗೆ ಖಡು ಕೊಡಲು ಇವಳು ಬರಬೇಕಾಯಿತು. ಒಳಗೆ ಹೋಗಿ ಹಾಳೆಗಳ ಮುಂದೆ ಕೂತೆ. ಒಂದು ಹಾಳೆಯನ್ನೂ ತಿದ್ದಲಾಗಲಿಲ್ಲ.

ಆ ಮೇಲೆ ಅವಳು ವಾರಕ್ಕೆ ಎರಡು ಮೂರು ಸಲ ಬರತೊಡಗಿದಳು. ಒಂದು ದಿನ ಅವ್ವ ಅವಳಿಗೆ, "ಇಲ್ಲಿ ಎಲ್ಲಾ ಅದನವಾ. ರೋಡ ಅದ, ನಳ ಅದ, ದವಾಖಾನಿ ಅದ. ಕಟ್ಟಿ ಒಂದಿಲ್ಲ ನೋಡು. ಗೇಟ ಹಾಕ್ಕೊಂಡು ಒಳಗ ಕೂಡೂದ ಆಗೇದ" ಎಂದಳು. ಹಳೆ ಊರಿನಲ್ಲಿ ಪ್ರತಿ ಮನೆಯ ಮುಂದೆ ಕಲ್ಲಿನ ಕಟ್ಟೆ ಇತ್ತು. ಸಂಜೆ ಹೆಂಗಸರು ಅಲ್ಲಿ ಕೂತು ಆಚೆ ಈಚೆ ಮಾತಾಡುತ್ತಿದ್ದರು. ಆ ಮಾತಿನಿಂದಲೇ ಹುಡುಗಿಯ ಯೋಜನೆಗೆ ರೂಪ ಬಂತು. ಉದ್ಯಾನದ ಮೂಲೆಯ ಖಾಲಿ ಜಾಗದಲ್ಲಿ, ಬಾದಾಮಿ ಕಡೆಯ ಕೆಂಪು ಕಲ್ಲಿನಿಂದ, ನಮ್ಮ ಓಣಿಯ ತಿರುವಿನಂತೆಯೇ ತಿರುಗುವ ಉದ್ದನೆಯ ಕಟ್ಟೆ. ಹಳೆಯ ನೆರೆಯವರು ತಮ್ಮ ತಮ್ಮ ಮನೆ ಇದ್ದ ಕ್ರಮದಲ್ಲೇ ಬಂದು ಕೂರಬೇಕು. ಅನುಮತಿಗೆ ಅರ್ಜಿ ಹಾಕಿದಳು.

ಇದಕ್ಕೆ ಕಲೆ ಎಂದು ಹೇಗೆ ಅನ್ನುತ್ತಾರೆ ಎಂದು ತಿಳಿಯಲು ನಾನು ಅವಳಿಂದ ಕೆಲವು ಲೇಖನಗಳನ್ನು ಪಡೆದು ಓದಿದೆ. ಓದಿದ್ದು ತಿಳಿಯಲು ಅಂತ ಈಗ ಬರೆಯುತ್ತಿದ್ದೇನೆ, ನಿಜವಾಗಿ ಓದಿದ್ದು ತಪ್ಪು ಹುಡುಕಲು. ಕೆಂಪು ಪೆನ್ನು ಹಿಡಿದೇ ಕೂತಿದ್ದೆ. ನಾನು ಕಲಿತ ಕಾಲದಲ್ಲಿ ಸಾರ್ವಜನಿಕ ಕಲೆ ಎಂದರೆ ಸರ್ಕಲ್ಲಿನ ಮೂರ್ತಿ, ಕಚೇರಿಯ ಗೋಡೆಯ ಚಿತ್ರ. ಕಲಾವಿದ ಮಾಡುತ್ತಾನೆ, ಜನ ನೋಡುತ್ತಾರೆ. ಈ ಲೇಖನಗಳು ಅದನ್ನೇ ಪ್ರಶ್ನಿಸುತ್ತಿದ್ದವು. ನಾಲ್ಕು ಜನ ಓಡಾಡುವ ಜಾಗದಲ್ಲಿ ಇಟ್ಟ ಮಾತ್ರಕ್ಕೆ ಒಂದು ವಸ್ತು ಆ ನಾಲ್ಕು ಜನರದ್ದಾಗುತ್ತದೆಯೇ? ಏನು ಮಾಡಬೇಕೆಂದು ನಿರ್ಧರಿಸಿದವರು ಯಾರು? ಅವರನ್ನು ಕೇಳಿದಿರಾ? ಮಾಡುವಾಗ ಅವರ ಕೈ, ಅವರ ಮಾತು ಅದರೊಳಗೆ ಇತ್ತೇ? ಹಾಗಿದ್ದರೆ ಕೊನೆಗೆ ಉಳಿಯುವ ಕಲ್ಲೋ ಬಣ್ಣವೋ ದೊಡ್ಡದಲ್ಲ, ಮಾಡುತ್ತ ಮಾಡುತ್ತ ಜನರ ನಡುವೆ ಹುಟ್ಟಿದ ಸಂಬಂಧವೇ ಕೃತಿ ಎಂಬ ವಾದ ಅದು. ಓದುತ್ತ ಹೋದಂತೆ ನನ್ನ ಗೋಡೆಯನ್ನೇ ಯಾರೋ ತಟ್ಟಿ ತಟ್ಟಿ ನೋಡಿದಂತಾಯಿತು. ಆ ಗೋಡೆಯ ಮೇಲಿನ ನೇಕಾರನನ್ನು ಬರೆಯುವ ಮೊದಲು ನಾನು ಒಬ್ಬ ನೇಕಾರನನ್ನೂ ಮಾತಾಡಿಸಿರಲಿಲ್ಲ. ಕ್ಯಾಲೆಂಡರ್ ನೋಡಿ ಬರೆದಿದ್ದೆ.

ಒಂದು ಲೇಖನದಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಇಂಥ ಕಲಾವಿದರು ಹೊರಗಿನಿಂದ ಬರುತ್ತಾರೆ, ಜನರ ನೋವನ್ನು ಕೂಡಿಹಾಕಿಕೊಂಡು ಹೋಗಿ ದೊಡ್ಡ ಊರುಗಳಲ್ಲಿ ತೋರಿಸುತ್ತಾರೆ, ಜನ ಮಾತ್ರ ಇದ್ದಲ್ಲೇ ಇರುತ್ತಾರೆ ಎಂದು ಬರೆದಿತ್ತು. ಅದರ ಕೆಳಗೆ ಕೆಂಪು ಗೆರೆ ಎಳೆದು, ಶಾಲೆಯ ಎದುರಿನ ಚಹಾದಂಗಡಿಯಲ್ಲಿ ಅವಳ ಮುಂದಿಟ್ಟೆ.

"ಮಂದೀನ ಕೂಡಿಸೂದ ಕಲಾ ಅಂದ್ರ ರೇಷನ್ ಅಂಗಡಿ ಮುಂದಿನ ಪಾಳೀನೂ ಕಲಾನ ಆತಲ್ಲ?" ಎಂದು ಮೊದಲು ಕೇಳಿದೆ.

ಅವಳು ನಕ್ಕಳು. "ಪಾಳಿ ಹಚ್ಚೂದು ಕಲಾ ಅಲ್ರಿ ಸರ್ರ. ಆದ್ರ ಪಾಳ್ಯಾಗ ನಿಂತವರು ಒಬ್ಬರ ಮಾರಿ ಒಬ್ಬರು ನೋಡೂ ಹಂಗ ಯಾರರ ಮಾಡಿದ್ರ, ಅದನ್ನ ವಿಚಾರ ಮಾಡಬೇಕಾಗತೈತ್ರಿ."

"ಅದಿರಲಿ. ವರ್ಷ ಆದ ಮ್ಯಾಲ ನೀ ಹೋಗ್ತಿ. ಆಮ್ಯಾಲ ಈ ಮುದುಕರಿಗೆ ಏನ ಉಳೀತದ?"

"ಗೊತ್ತಿಲ್ರಿ. ಅದ ಅಂಜಿಕಿ ನನಗೂ ಐತಿ" ಎಂದಳು. ಲೇಖನದ ಆ ಪುಟವನ್ನು ನನ್ನ ಕಡೆ ತಿರುಗಿಸಿದಳು. ನನ್ನ ಕೆಂಪು ಗೆರೆಯ ಕೆಳಗೆ ಹಳೆಯ ಪೆನ್ಸಿಲ್ ಗೆರೆಯೊಂದು ಮಸುಕಾಗಿ ಕಾಣುತ್ತಿತ್ತು. ನನಗಿಂತ ಮೊದಲೇ ಅವಳು ಅಲ್ಲಿ ಗುರುತು ಹಾಕಿಕೊಂಡಿದ್ದಳು. ವಾದದಲ್ಲಿ ಸೋತಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅರ್ಜಿ ಯಾವ ಕಚೇರಿಗೆ ಹೋಗಿತ್ತೋ ಅಲ್ಲಿನ ಎಂಜಿನಿಯರರೊಬ್ಬರು ನನಗೆ ಪರಿಚಯದವರು. ಒಂದು ಸಂಜೆ ದಾರಿಯಲ್ಲಿ ಸಿಕ್ಕರು. "ಮಾಸ್ತರ್ರ, ನೀವು ಕಲಾ ತಿಳಿದವರು. ಈ ಹುಡುಗಿ ಕಟ್ಟಿ ಕಟ್ತೇನಿ, ಅದ ಕಲಾ ಅಂತಾಳ. ಹೌದೇನ್ರಿ?" ಎಂದು ಕೇಳಿದರು.

ಆ ಕ್ಷಣ ಚೆನ್ನಾಗಿ ನೆನಪಿದೆ. ಹೌದು ಎನ್ನಲು ನನ್ನ ಹತ್ತಿರ ಆಗ ಬೇಕಾದಷ್ಟು ಕಾರಣಗಳಿದ್ದವು, ಓದಿದ್ದೆನಲ್ಲ. "ಕಟ್ಟಿ ಕಟ್ಟೂದು ಗೌಂಡಿ ಕೆಲಸರಿ" ಎಂದೆ. "ಅದಕ್ಕ ಕಲಾ ಅಂತ ಹೆಸರ ಇಟ್ಟರ ನಾಳೆ ಯಾರ್ಯಾರು ಏನೇನ ಕಟ್ತಾರೋ, ನೀವ ನೋಡ್ರಿ."

ಅವರು ನಕ್ಕರು. ನಾನೂ ನಕ್ಕೆ.

ಎಂಟು ಹತ್ತು ದಿನದಲ್ಲಿ ಹುಡುಗಿ ಪತ್ರ ಹಿಡಿದು ನಮ್ಮ ಗೇಟಿನ ಮುಂದೆ ನಿಂತಿದ್ದಳು. "ಕಲಾಕೃತಿ ಅಂತ ಒಪ್ಪಾಕ ಬರಂಗಿಲ್ಲ ಅಂತ ಬರದಾರ್ರಿ ಸರ್ರ." ನಾನು "ಅಯ್ಯ, ಹಂಗಾತೇನು" ಎಂದೆ. ಅವಳ ಮುಖ ಸಣ್ಣಗಾಗಿತ್ತು. ಅದನ್ನು ನೋಡಿ ಬಹಳ ದಿನದ ಮೇಲೆ ನನಗೆ ಹಸಿವಾಯಿತು. ಹೀಗೆ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೇ.

ಅವ್ವ ಕಿಟಕಿಯಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. "ಅದಕ್ಯಾಕ ಅಷ್ಟ ಮಾರಿ ಸಣ್ಣ ಮಾಡೀದವಾ? ಕೂಡಲಿಕ್ಕೆ ಕಲ್ಲ ಯಾಕ ಬೇಕು? ಮನ್ಯಾಗ ಎಲ್ಲಾರಿಗೂ ಮಣಿ ಅದಾವ, ಚಾಪಿ ಅದಾವ. ತಮ್ಮ ತಮ್ಮದು ತಗೊಂಡ ಬರ್ತಾರ. ಕೂತಲ್ಲೇ ಕಟ್ಟಿ."

ಹುಡುಗಿ ಪತ್ರ ಮಡಚಿ ಚೀಲಕ್ಕೆ ಹಾಕಿಕೊಂಡು ಅವ್ವನ ಮುಖವನ್ನೇ ನೋಡುತ್ತ ನಿಂತಳು. ನಾನು ಕಿತ್ತುಹಾಕಿದ್ದ ಕೆಲಸವನ್ನು ನನ್ನ ತಾಯಿಯೇ ಮತ್ತೆ ನಿಲ್ಲಿಸಿಬಿಟ್ಟಿದ್ದಳು. ಅದೂ ಮೊದಲಿಗಿಂತ ಚೆನ್ನಾಗಿ. ಕಲ್ಲಿನ ಕಟ್ಟೆಗಿಂತ ಮನೆಯಿಂದ ಹೊತ್ತು ತಂದ ಮಣೆಗಳೇ ಸರಿ ಎಂದು ಆ ಕ್ಷಣವೇ ನನಗೆ ಗೊತ್ತಾಗಿತ್ತು.

ಅವ್ವ ನೆಲದ ಮೇಲೆ ಬರೆದ ಓಣಿಯನ್ನು ಹುಡುಗಿ ಹಾಳೆಗೆ ಇಳಿಸಿಕೊಂಡಿದ್ದಳು, ಆ ನಕ್ಷೆ ಪೂರ್ತಿಯಾಗಬೇಕಿತ್ತು. ನಮ್ಮ ಪಕ್ಕದ ಮನೆಯಲ್ಲಿದ್ದ, ಅವ್ವನ ವಯಸ್ಸಿನವರೇ ಆದ ಹೆಂಗಸೊಬ್ಬರು ಈಗ ಇಳಕಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರನ್ನು ಕೇಳಿ ಬರೋಣ ಎಂದು ಅವ್ವ ಹಟ ಹಿಡಿದಳು. ಗೇಟು ದಾಟದವಳು ಇಳಕಲ್ಲಿನ ಬಸ್ಸು ಹತ್ತುತ್ತೇನೆ ಎಂದಾಗ ಜೊತೆಗೆ ನಾನು ಹೋಗಲೇಬೇಕಾಯಿತು. ಬಸ್ಸಿನಲ್ಲಿ ಅವ್ವ ಮತ್ತು ಹುಡುಗಿ ಒಂದು ಸೀಟಿನಲ್ಲಿ, ನಾನು ಹಿಂದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಗೆಳತಿಗೆಂದು ಕರದಂಟು ತರಲು ಅವ್ವ ನನ್ನನ್ನು ಇಳಿಸಿದಳು. ಹುನಗುಂದ ದಾಟುವಾಗ ಹುಡುಗಿ, "ಈ ದಾರೀಲೆ ಹ್ವಾದ್ರ ನಮ್ಮೂರ್ರಿ ಅಮ್ಮಾರ" ಎಂದು ಕೈ ತೋರಿಸಿದಳು. ಅವ್ವ ಅವಳ ಊರಿನ ಸುದ್ದಿ, ಅವಳ ತಾಯಿಯ ಸುದ್ದಿ, ಕುರಿಗಳ ಸುದ್ದಿ ಎಲ್ಲ ಕೇಳಿದಳು. ನನ್ನ ಕೆಲಸದ ಬಗ್ಗೆ ಅವ್ವ ಅಷ್ಟು ಪ್ರಶ್ನೆ ಯಾವತ್ತೂ ಕೇಳಿಲ್ಲ ಎಂದು ನಾನು ಹಿಂದಿನ ಸೀಟಿನಲ್ಲಿ ಲೆಕ್ಕ ಹಾಕುತ್ತ ಕೂತಿದ್ದೆ.

ಇಳಕಲ್ಲಿನ ಮನೆಯಲ್ಲಿ ಒಳಗೆ ಮಗ್ಗದ ಸದ್ದು. ಇಬ್ಬರು ಮುದುಕಿಯರೂ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಅತ್ತರು. ಆಮೇಲೆ ಹುಡುಗಿ ನಕ್ಷೆಯ ಹಾಳೆ ಬಿಡಿಸಿದಳು. ಇಳಕಲ್ಲಿನ ಅಜ್ಜಿ ಬೆರಳಿಟ್ಟು ಒಂದೊಂದೇ ಮನೆ ಎಣಿಸುತ್ತ ಬಂದು ನಮ್ಮ ಮನೆಯ ಹತ್ತಿರ ನಿಂತರು.

"ನಿಮ್ಮ ಮನಿಗೆ ಹತ್ತಿ ನಮ್ಮ ಮನಿ ಅಂತ ಯಾರ ಹೇಳಿದ್ರು? ನಡುವ ಕಂಬಳಿ ನೇಯಾಕಿ ಮನಿ ಇತ್ತಲ್ರಿ ಅಕ್ಕಾರ."

ಅವ್ವ ಸೆರಗು ಸರಿಮಾಡಿಕೊಂಡಳು. "ಅದೆಲ್ಲಿ ಮನಿ? ತಟ್ಟಿ ಗುಡಿಸಲಾ."

"ಗುಡಿಸಲಾದ್ರ ಮನಿ ಅಲ್ಲೇನ್ರಿ? ಎರಡ ಮಕ್ಕಳನ್ನ ಅಲ್ಲೇ ಹಡದಾಳ. ಕುರಿ ವಾಸನಿ ಬರತೈತಿ ಅಂತ ನಿಮ್ಮ ಮಾಸ್ತರ್ರು ಅರ್ಜಿ ಬರದ್ರು. ಅಕ್ಷರ ಮುತ್ತಿನಂಗ ಇದ್ದುವಂತ, ಓದಿದವರೆಲ್ಲಾ ಹೇಳ್ತಿದ್ರು. ಮಳಿಗಾಲಕ್ಕ ಆಕಿನ್ನ ಎಬ್ಬಿಸಿದ್ರು. ಓಣಿಗೆ ನೀರ ಬರೂ ಮೊದಲ ಆಕಿ ಹೋದ್ಲು."

ಅವ್ವ ನೆಲ ನೋಡುತ್ತಿದ್ದಳು. ಆ ಹೆಂಗಸು ನನಗೆ ಅರೆಬರೆ ನೆನಪಾದಳು. ಮುಖವಿಲ್ಲ, ಉಣ್ಣೆ ಎಳೆಯುವ ಎರಡು ಕೈ ಮಾತ್ರ. ಹುಡುಗಿ ಪೆನ್ಸಿಲ್ ತೆಗೆದು ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಸಣ್ಣ ಚೌಕ ಬರೆದಳು. ಗೆರೆ ಎಂದಿನಂತೆ ಅಂಕುಡೊಂಕಾಗಿತ್ತು.

ಆಗ ನನಗೆ ಮೊದಲು ಬಂದ ಯೋಚನೆ ನಾಚಿಕೆಯದಲ್ಲ. ಇದೂ ಇವಳ ಕೆಲಸಕ್ಕೇ ಸಿಕ್ಕಿತಲ್ಲ, ನಮ್ಮ ಮನೆಯ ತಪ್ಪು ಕೂಡ ಇವಳ ಕೈಯಲ್ಲೇ ಅರ್ಥ ಪಡೆಯಬೇಕೇ ಎಂಬ ಯೋಚನೆ. ನಾಚಿಕೆ ಬಂದದ್ದು ವಾಪಸು ಬರುವಾಗ. ಅಪ್ಪನ ಅಕ್ಷರ ಮುತ್ತಿನಂಥವು, ನನ್ನ ಚಿತ್ರದ ಗೆರೆಗಳೂ ಮುತ್ತಿನಂಥವು. ಅಪ್ಪ ಕಾಗದದ ಮೇಲೆ ಬರೆದು ಒಬ್ಬಳನ್ನು ಎಬ್ಬಿಸಿದ್ದರು. ನಾನು ಬಾಯಿಮಾತಿನಲ್ಲೇ ಅದೇ ಕೆಲಸ ಮಾಡಿದ್ದೆ.

ಮುಂದಿನ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲೇ ನಮ್ಮ ಓಣಿಯವರು ಖಾಲಿ ಮೈದಾನದಲ್ಲಿ ಸೇರಿದರು. ಕೆಲವರು ಆಟೋದಲ್ಲಿ, ಕೆಲವರು ಮೊಮ್ಮಕ್ಕಳ ಬೈಕಿನ ಹಿಂದೆ, ಕಂಕುಳಲ್ಲಿ ಮಣೆ, ಚಾಪೆ, ಮಡಚಿದ ಜಮಖಾನೆ. ಒಬ್ಬರು ಪ್ಲಾಸ್ಟಿಕ್ ಕುರ್ಚಿಯನ್ನೇ ಹೊತ್ತು ತಂದಿದ್ದರು. ಹುಡುಗಿ ಹೇಳಿದ್ದು ಒಂದೇ ಮಾತು. "ನಿಮ್ಮ ಮನಿ ಬಾಗಿಲಾ ಯಾ ಕಡೆ ಇತ್ತೋ ಆ ಕಡೆ ಮಾರಿ ಮಾಡಿ ಕೂಡ್ರಿ." ಅಷ್ಟಕ್ಕೇ ಗದ್ದಲ ಶುರುವಾಯಿತು. ಇಲ್ಲಿ ನಾನು, ಅಲ್ಲ ಇಲ್ಲಿ ನೀನು, ನಡುವೆ ಬೋಳದ ಸಂದಿ ಇತ್ತಲ್ಲ, ಸಂದಿಯ ಆಚೆ ಬೇವಿನ ಗಿಡ. ಅರ್ಧ ಗಂಟೆಯಲ್ಲಿ ಮಣ್ಣಿನ ಮೈದಾನದಲ್ಲಿ ಓಣಿ ಕೂತಿತ್ತು. ತೀರಿಕೊಂಡವರ ಜಾಗವನ್ನು ಖಾಲಿ ಬಿಟ್ಟು ಅಲ್ಲೊಂದು ನೀರಿನ ತಂಬಿಗೆ ಇಟ್ಟರು. ಎದುರು ಮನೆಯವರು ಎದುರು ಮನೆಯವರಿಗೆ ಕೂಗಿ ಮಾತಾಡತೊಡಗಿದರು. ಪೇಪರಿನವನೊಬ್ಬ ಕ್ಯಾಮೆರಾ ಹಿಡಿದು ಬಂದಾಗ ಹುಡುಗಿ ಹೆಂಗಸರನ್ನೇ ಕೇಳಿದಳು. "ಮನಿ ಮುಂದ ಕೂತಾಗ ಯಾರರ ಫೋಟೋ ಹೊಡಸ್ಕೋತಾರೇನವಾ?" ಎಂದು ಒಬ್ಬಳು ಗದರಿದಳು. ಅವನು ವಾಪಸು ಹೋದ. ನಾನಾಗಿದ್ದರೆ ಆ ಫೋಟೋ ಬಿಡುತ್ತಿರಲಿಲ್ಲ.

ಅವ್ವ ಕೊನೆಗೆ ಕೂತಳು. ಕೂರುವ ಮೊದಲು ಮಣೆಯನ್ನು ಎರಡು ಮಾರು ಈಚೆ ಎಳೆಸಿದಳು. ಚೀಲದಿಂದ ಒಂದು ಕರಿ ಕಂಬಳಿ ತೆಗೆದು ಆ ಜಾಗದಲ್ಲಿ ಹಾಸಿದಳು. ಅದು ನಮ್ಮ ಮನೆಯ ಟ್ರಂಕಿನಲ್ಲಿದ್ದದ್ದು, ಎಲ್ಲಿಂದ ಬಂದದ್ದೆಂದು ನಾನು ಎಂದೂ ಕೇಳಿರಲಿಲ್ಲ.

"ಅಲ್ಲಿ ಯಾರ್ರಿ ಅಕ್ಕಾರ?" ಎಂದು ಎದುರಿನಿಂದ ಯಾರೋ ಕೇಳಿದರು.

"ಕಂಬಳಿ ನೇಯಾಕಿ" ಎಂದಳು ಅವ್ವ. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ನಾವ ಎಬ್ಬಿಸಿದ್ವಿ ಆಕಿನ್ನ."

ಗದ್ದಲ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಒಬ್ಬರು ಆಕೆಯ ಹೆಸರೇನಿತ್ತು ಎಂದು ಕೇಳಿದರು. ಓಣಿಗೆ ಓಣಿಯೇ ಯೋಚಿಸಿತು. ಒಬ್ಬರಿಗೂ ನೆನಪಾಗಲಿಲ್ಲ. ಸ್ಕೂಟರಿನ ಪಕ್ಕ ನಿಂತಿದ್ದ ನನ್ನನ್ನು ಯಾರೋ ಕರೆದರು. ಹೋಗಿ ಅವ್ವನ ಹಿಂದೆ, ಮನೆಯ ಒಳಗೆ ಇರಬೇಕಾದವನಂತೆ, ಮಣ್ಣಿನಲ್ಲೇ ಕೂತೆ. ನನ್ನ ಮೂವತ್ತು ವರ್ಷದ ಗೆರೆ ಬಣ್ಣಗಳಲ್ಲಿ ಅಂಥದ್ದೊಂದು ಮೌನ ನಾನು ಹುಟ್ಟಿಸಿಲ್ಲ ಎಂದು ಅನ್ನಿಸಿತು. ಅವ್ವನ ಬಗ್ಗೆ ಹೆಮ್ಮೆಪಡಬೇಕಾದ ಹೊತ್ತಿನಲ್ಲೂ ಹುಡುಗಿಯ ಕಡೆ ನೋಡಿ ಎದೆ ಉರಿಯಿತು. ಅವಳು ದೂರದಲ್ಲಿ ಚಪ್ಪಲಿಗಳ ಹತ್ತಿರ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ವಾರ ತಡೆದು ಅವಳಿಗೆ ಎಲ್ಲ ಹೇಳಿಬಿಡೋಣ ಎಂದು ಹೋದೆ. ಶಾಲೆಯ ಎದುರಿನ ಅದೇ ಚಹಾದಂಗಡಿ.

"ನಿನ್ನ ಕಟ್ಟಿ ಅರ್ಜಿ ಹಾಳ ಮಾಡಿದವ ನಾನ."

"ಗೊತ್ತೈತ್ರಿ ಸರ್ರ" ಎಂದಳು. "ಪತ್ರಾ ಕೊಡೂಮುಂದ ಸಾಹೇಬ್ರ ಹೇಳಿದ್ರು, ನಿಮ್ಮ ಮಾಸ್ತರ್ರ ಗೌಂಡಿ ಕೆಲಸ ಅಂದ್ರು ಅಂತ."

ಅಂದರೆ ಆ ದಿನ ಗೇಟಿನ ಮುಂದೆ ನಿಂತಾಗಲೂ ಅವಳಿಗೆ ಗೊತ್ತಿತ್ತು. ನಾನು "ಅಯ್ಯ, ಹಂಗಾತೇನು" ಎಂದದ್ದನ್ನು ಗೊತ್ತಿದ್ದೇ ಕೇಳಿಸಿಕೊಂಡಿದ್ದಳು.

"ಸಿಟ್ಟ ಬರಲಿಲ್ಲೇನು?"

"ಬಂತ್ರಿ. ಎರಡ ದಿನ ಅನ್ನ ಸೇರಲಿಲ್ಲ. ಬಿಟ್ಟ ಹೋಗಬೇಕಂತ ಚೀಲಾ ಕಟ್ಟಿದ್ನಿ. ಹೇಳಿ ಹೋಗಾಕ ನಿಮ್ಮ ಮನಿಗೆ ಬಂದ್ನಿ, ಅಮ್ಮಾರು ಮಣಿ ಸುದ್ದಿ ತಗದ್ರು, ಉಳದ್ನಿ." ಚಹಾದ ಗ್ಲಾಸನ್ನು ತಿರುಗಿಸುತ್ತ ಮುಂದುವರಿಸಿದಳು. "ನನ್ನ ಕೈಯಾಗ ಗೆರಿ ನಿಲ್ಲಂಗಿಲ್ಲ ಅಂದಿದ್ರಿ, ಅದು ಖರೇನ ಐತ್ರಿ. ಇವತ್ತಿಗೂ ನಿಲ್ಲಂಗಿಲ್ಲ. ಆದ್ರ ಎಲ್ಲಾರ ಮುಂದ ಹಾಳಿ ಎತ್ತಿ ಹಿಡದು ಅಂದ್ರಲ್ಲರಿ, ಅದ ಇನ್ನೂ ಹೋಗಿಲ್ರಿ. ಕಟ್ಟಿಗಿಂತ ಅದ ದೊಡ್ಡದು ನನಗ."

ತಪ್ಪಾಯಿತು ಎಂದೆ. ಅವಳು ತಲೆ ಆಡಿಸಿದಳು, ಪರವಾಗಿಲ್ಲ ಎನ್ನಲಿಲ್ಲ. ಚಹಾ ಮುಗಿಸಿ, "ಬರ್ತೇನ್ರಿ ಸರ್ರ" ಎಂದು ಎದ್ದಳು.

ವರ್ಷ ಮುಗಿದ ಮೇಲೆ ಅವಳು ಬೇರೆ ರಾಜ್ಯದ ಯಾವುದೋ ಊರಿಗೆ ಕೆಲಸಕ್ಕೆ ಹೋದಳು. ವಾರ ವಾರವೂ ಮುಂದುವರಿದಿದ್ದ ಭಾನುವಾರದ ಕೂಟಕ್ಕೆ ಬರುವವರು ಕಡಿಮೆಯಾಗುತ್ತ ಬಂದರು. ನಾನು ಒಳಗೊಳಗೆ ಕಾಯುತ್ತಿದ್ದೆ, ಇದು ನಿಂತೇ ಹೋಗಲಿ ಎಂದು. ನಿಲ್ಲಲಿಲ್ಲ. ಏಳೆಂಟು ಹೆಂಗಸರು ಈಗಲೂ ಬರುತ್ತಾರೆ. ಮನೆಗಳ ಕ್ರಮವೆಲ್ಲ ಕಲಸಿಹೋಗಿ, ಯಾರು ಎಲ್ಲಿ ಬೇಕೋ ಅಲ್ಲಿ ಕೂರುತ್ತಾರೆ, ಶುಗರು ಬಿಪಿ ಸೊಸೆ ಅಂತ ಮಾತಾಡಿ ಏಳುತ್ತಾರೆ. ಇದನ್ನು ಕಲೆ ಎಂದು ಒಬ್ಬರೂ ಕರೆಯುವುದಿಲ್ಲ. ಅವ್ವನನ್ನು ಬಿಟ್ಟು ಕರೆತರುವ ಕೆಲಸ ನನ್ನದು.

ಮೊನ್ನೆ ಒಂದು ದಿನ ಹಾಗೆ ಕರೆತರುವಾಗ ಕೇಳಿದೆ. "ಅವ್ವಾ, ಆ ಕಂಬಳಿ ನಮ್ಮ ಮನಿಗೆ ಹೆಂಗ ಬಂತು?"

"ಆ ಹುಡುಗಿಗೆ ಹೇಳೀನಲ್ಲ ಎಲ್ಲಾ. ಆಕಿನ್ನ ಕೇಳು" ಎಂದಳು.

ನಿಜಕ್ಕೂ ಫೋನ್ ಮಾಡಿದೆ. ನನ್ನ ತಾಯಿ ನನ್ನ ಮನೆಯ ಕಂಬಳಿಯ ಬಗ್ಗೆ ಏನು ಹೇಳಿದಳೆಂದು ಬೇರೆ ರಾಜ್ಯದಲ್ಲಿರುವ ನನ್ನ ವಿದ್ಯಾರ್ಥಿನಿಯನ್ನು ಕೇಳಿದೆ. ಆ ಕಡೆ ಬಸ್ಸಿನ ಹಾರ್ನು, ಯಾವುದೋ ಭಾಷೆಯ ಮಾತು. ಅವಳು ಹೇಳಿದಳು.

"ಅಮ್ಮಾರು ಅದನ್ನ ನನ್ನ ಕೈ ಹಿಡದು ಹೇಳ್ಯಾರ್ರಿ ಸರ್ರ. ಯಾರಿಗೂ ಹೇಳಂಗಿಲ್ಲ ಅಂತ ಮಾತ ಕೊಟ್ಟೇನಿ. ನಾ ಹೆಂಗ ಹೇಳ್ಲಿ? ನೀವ ಅವರ ಬಾಜೂಕ ಕೂತು ಕೇಳ್ರಿ, ಹೇಳ್ತಾರ."

ಫೋನಿಟ್ಟು ಪಡಸಾಲೆಗೆ ಬಂದೆ. ಅವ್ವ ಬತ್ತಿ ಹೊಸೆಯುತ್ತ ಕೂತಿದ್ದಳು. ಪಕ್ಕದಲ್ಲಿ ಕೂತೆ. ಕೇಳಿದೆ. ಅವ್ವ ನನ್ನ ಮುಖ ನೋಡಿ, ಹತ್ತಿಯ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು. "ಮೊದಲ ಇಷ್ಟು ಹೊಸಿ" ಎಂದಳು. ಹೊಸೆಯುತ್ತಿದ್ದೇನೆ. ನಾಲ್ಕು ದಿನವಾಯಿತು. ಇನ್ನೂ ಹೇಳಿಲ್ಲ.